ಬಳಕೆಯಲ್ಲಿದೆ ಎಂದು ಮಂತ್ರಿಗಳು ಬರೆದಾಗ

ಮಲ್ಲಿಗೆ ವಾಸನೆಗೆ ಜನರಿಗೆ ಯಾರ್ಯಾರೋ ನೆನಪಾಗುತ್ತಾರಂತೆ. ನನಗೆ ಮೊನ್ನೆ ಫಿನೈಲ್ ವಾಸನೆಗೆ ಖಾಲಾ ನೆನಪಾದಳು. ಸೊಸೆ ಬಚ್ಚಲು ತೊಳೆದು ಬಾಟಲಿ ಮುಚ್ಚದೆ ಬಿಟ್ಟಿದ್ದಳು. ಬೈಯಲು ಎದ್ದವಳು ಬಾಗಿಲಲ್ಲೇ ನಿಂತುಬಿಟ್ಟೆ...

ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಈಗಷ್ಟೇ ಕಲಿಸಿದ್ದಾಳೆ, ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಹೆಸರು ಮಾತ್ರ ಹೇಳುವುದಿಲ್ಲ. ನಮ್ಮ ಯಜಮಾನರು ಪುರಸಭೆಯ ಗುಮಾಸ್ತರಾಗಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂದು ಆ ಸೀಮೆಯೆಲ್ಲ ಸುತ್ತಿದವರು. ಇದು ಆ ಮೂರರಲ್ಲೊಂದೋ, ನಡುವಿನ ಇನ್ನೊಂದೋ, ಇರಲಿ. ಅವರ ಪೆನ್ಶನ್ ಇನ್ನೂ ಬರುತ್ತಿದೆ, ಬರುತ್ತಲೇ ಇರಲಿ.

ಆಗ ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಏನಿದ್ದರೂ ಧಾರವಾಡಕ್ಕೇ ಓಡಬೇಕು. ನಾನು ಕರ್ಜಗಿಯಿಂದ ಲಗ್ನವಾಗಿ ಬಂದವಳು, ಮೆಟ್ರಿಕ್ ಪಾಸಾಗಿದ್ದೆ. ನಮ್ಮ ಗೋಡೆಗೆ ಗೋಡೆ ಹತ್ತಿಕೊಂಡೇ ಖಾಲಾನ ಮನೆ. ಖಾಲಾ ಎಂದರೆ ಚಿಕ್ಕಮ್ಮ. ನನಗೊಬ್ಬಳಿಗಲ್ಲ, ಇಡೀ ಓಣಿಗೆ ಆಕೆ ಖಾಲಾ. ಗಂಡ ತೀರಿಕೊಂಡ ಮೇಲೆ ಕಾಯಿಪಲ್ಯೆ ಮಾರ್ಕೆಟ್ಟಿನಲ್ಲಿ ಹಸಿಮೆಣಸಿನಕಾಯಿ, ಕೊತ್ತಂಬರಿ ಮಾರುತ್ತಿದ್ದಳು. ಮನೆಯಲ್ಲಿ ಉರ್ದು, ಬಜಾರಿನಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ.

ಮಾರ್ಕೆಟ್ಟಿನಲ್ಲಿ ಕೂರುವ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಬಿಸಿಲಿಗೆ ತುಟಿ ಒಡೆದರೂ ಇಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ. ಮೂಲೆಯಲ್ಲಿ ಹೆಂಗಸರ ಪಾಯಖಾನೆ ಅಂತ ಒಂದು ಕಟ್ಟಿದ್ದರು, ಬಣ್ಣವನ್ನೂ ಬಳಿದಿದ್ದರು. ಆದರೆ ಬಾಗಿಲಿಗೆ ಕೀಲಿ ಜಡಿದಿತ್ತು. ಒಳಗೆ ಪುರಸಭೆಯ ಬ್ಲೀಚಿಂಗ್ ಪೌಡರಿನ ಚೀಲಗಳು, ಕಸಬರಿಗೆಗಳು, ಕಾಲು ಮುರಿದ ಕುರ್ಚಿಗಳು.

ಒಂದು ಬೇಸಿಗೆಯಲ್ಲಿ ಖಾಲಾಗೆ ಉರಿಮೂತ್ರ ಹತ್ತಿ, ಜ್ವರ ಬಂದು ಮಲಗಿದಳು. ಡಾಕ್ಟರು ನೀರು ಜಾಸ್ತಿ ಕುಡಿ ಅಂದರು.

"ಆ ಡಾಕ್ಟರ್ ಒಂದಿನಾ ನನ್ನ ಜಾಗಾದಾಗ ಕುಂತು ನೀರು ಕುಡೀಲಿ, ನೋಡೂಣು" ಎಂದು ಮಲಗಿದಲ್ಲೇ ಬೈದಳು.

ಮತ್ತೆ ಅದೇ ಬೇನೆ ಬಂದಾಗ ಡಾಕ್ಟರು ಮೂತ್ರಪಿಂಡದ ಮಾತು ತೆಗೆದರು. ಹೀಗೇ ಇದ್ದರೆ ಉಳಿಯುವುದಿಲ್ಲ, ಮಾರ್ಕೆಟ್ಟು ಬಿಡು ಎಂದರು. ಬಿಟ್ಟರೆ ಉಣ್ಣುವುದೇನು? ಆ ದಿನ ಮಾತ್ರ ಖಾಲಾ ಯಾರನ್ನೂ ಬೈಯಲಿಲ್ಲ.

ಅದೇ ಹೊತ್ತಿಗೆ ಶಾಸಕರು ಮಾರ್ಕೆಟ್ಟಿಗೆ ಬಂದರು. ನನ್ನಿಂದ ಅರ್ಜಿ ಬರೆಸಿಟ್ಟುಕೊಂಡಿದ್ದ ಖಾಲಾ ಅವರನ್ನು ಬುಟ್ಟಿಗಳ ನಡುವೆ ಅಡ್ಡಗಟ್ಟಿದಳು. ಅವರು ವಿರೋಧ ಪಕ್ಷದವರು, ಮಂತ್ರಿಗಳನ್ನು ಚುಚ್ಚಲು ಏನಾದರೂ ಬೇಕೇ ಇತ್ತು. ವಿಧಾನಸಭೆಯಲ್ಲಿ ಪ್ರಶ್ನೆ ಹಾಕುತ್ತೇನೆ, ಮಂತ್ರಿಗಳು ಲಿಖಿತ ಉತ್ತರ ಕೊಡಲೇಬೇಕಾಗುತ್ತದೆ ಎಂದರು.

ಅಂದಿನಿಂದ ಖಾಲಾ ಮಂತ್ರಿಯ ದಾರಿ ಕಾಯತೊಡಗಿದಳು. ಉತ್ತರ ಬರೆಯಬೇಕಾದರೆ ಮಂತ್ರಿ ಬಂದು ನೋಡಲೇಬೇಕಲ್ಲ ಎನ್ನುವುದು ಆಕೆಯ ಲೆಕ್ಕ. ಬಿಳಿ ಕಾರು ಕಂಡರೆ ಸೆರಗು ಸರಿಮಾಡಿಕೊಳ್ಳುವಳು. ಪಾಯಖಾನೆಯ ಮುಂದೆ ದಿನಾ ಕಸ ಹೊಡೆಯುವಳು.

"ಬಂದೇ ಬರ್ತಾನ ತಗೋ. ನೋಡದ ಹೆಂಗ ಬರಿತಾನ?" ಎನ್ನುವಳು.

ಮಂತ್ರಿ ಬರಲಿಲ್ಲ. ಉತ್ತರ ಬಂತು. ಶಾಸಕರ ಕಡೆಯವರೊಬ್ಬರು ಅದರ ಪ್ರತಿಯನ್ನು ತಂದುಕೊಟ್ಟರು. ಖಾಲಾ ಅದನ್ನು ಹಿಡಿದು ನಮ್ಮ ಕಟ್ಟೆಗೆ ಬಂದಳು. ನಾನು ಓದಿದೆ. ಮಹಿಳೆಯರಿಗೆ ಶೌಚಾಲಯವಿದೆಯೇ? ಇದೆ. ಇದ್ದಲ್ಲಿ ಬಳಕೆಯಲ್ಲಿದೆಯೇ? ಬಳಕೆಯಲ್ಲಿದೆ. ಇಲ್ಲದಿದ್ದಲ್ಲಿ ಯಾವಾಗ ಕಟ್ಟಿಸಲಾಗುವುದು? ಪ್ರಶ್ನೆ ಉದ್ಭವಿಸುವುದಿಲ್ಲ.

"ಹಂಗಂದ್ರೇನ?"

"ಕೇಳೂದೇ ಬ್ಯಾಡಂತ, ಖಾಲಾ."

"ಮಂತ್ರಿ ಯಾವಾಗ ಬಂದಿದ್ದಾ? ನಾ ದಿನಾ ಅಲ್ಲೇ ಕುಂತೇನಿ!"

ಒಳಗೆ ಚಹಾ ಕುಡಿಯುತ್ತಿದ್ದ ನಮ್ಮ ಯಜಮಾನರು ಕೆಮ್ಮಿದರು. ಆಮೇಲೆ ಬಾಗಿಲಿಗೆ ಬಂದು ನಿಂತರು.

"ಮಂತ್ರಿಗಳು ಬರೂದಿಲ್ಲ ಖಾಲಾ. ಬೆಂಗಳೂರಿನವ್ರು ಧಾರವಾಡಕ್ಕ ಕೇಳ್ತಾರ, ಧಾರವಾಡದವ್ರು ನಮ್ಮನ್ನ ಕೇಳ್ತಾರ. ನಾವು ಬರದು ಕಳಸ್ತೇವಿ. ಅದನ್ನೇ ಮಂತ್ರಿಗಳು ಕೊಡ್ತಾರ."

"ನಾವು ಅಂದ್ರ ಯಾರು?"

ಅವರು ಲೋಟದೊಳಗೆ ನೋಡಿದರು. "ಸಾಹೇಬ್ರು ಹೇಳಿದ್ರು... ನಾನೇ ಬರದೆ."

ಖಾಲಾ ಹಣೆಗೆ ಕೈ ಹಚ್ಚಿದಳು. "ಯಾ ಅಲ್ಲಾ! ಮಂತ್ರಿ ಪಕ್ಕದ ಮನ್ಯಾಗೇ ಅದಾನ! ನಾ ಅಲ್ಲಿ ಅವನ ಸಲುವಾಗಿ ಕಸಾ ಹೊಡ್ಕೋತ ಕುಂತೇನಿ!"

"ಪೌಡರಿನ ಚೀಲಾ ಇಟ್ಟೇವಲ್ಲ, ಅದೂ ಬಳಕಿನೇ ಅಲ್ಲೇನು" ಎಂದು ಇವರು ಗೊಣಗಿದರು. ನನಗೆ ನಗು ತಡೆಯಲಾಗಲಿಲ್ಲ. ಕಣ್ಣು ಕೆಕ್ಕರಿಸಿ ನನ್ನನ್ನು ನೋಡಿದರು. ಅರ್ಜಿ ಬರೆದದ್ದು ಹೆಂಡತಿ, ಉತ್ತರ ಬರೆದದ್ದು ಗಂಡ. ನಡುವೆ ಇಬ್ಬರೂ ಒಂದೇ ಒಲೆಯ ರೊಟ್ಟಿ ತಿಂದಿದ್ದೆವು.

ಇನ್ನು ಖಾಲಾ ಕೂಗಾಡುತ್ತಾಳೆ, ಓಣಿಯೆಲ್ಲ ಸೇರುತ್ತದೆ ಎಂದುಕೊಂಡೆ. ಆಕೆ ಮೆಲ್ಲಗೆ ಕೇಳಿದಳು, "ಮಂತ್ರಿ ಬರದದ್ದು ಸುಳ್ಳಾದ್ರ ಏನಾಗ್ತೈತಪಾ?"

ಇವರ ಮುಖ ಸಣ್ಣದಾಯಿತು. "ಹಂಗ ಅನಬ್ಯಾಡ. ಸಭಾಕ್ಕ ಸುಳ್ಳು ಹೇಳಿದಂಗ ಆಗ್ತೈತಿ. ಮಂತ್ರಿಗೆ ಏನೂ ಆಗೂದಿಲ್ಲ, ಕೆಳಗಿನವ್ರ ನೌಕ್ರಿಗೆ ಬರ್ತೈತಿ."

"ಹಂಗಾರ ಖರೇ ಮಾಡಿಬಿಡೂಣು, ತಗೋ" ಎಂದು ಎದ್ದು ಹೋದಳು.

ಮರುದಿನ ಇವರ ಊಟದ ಡಬ್ಬಿ ನಾನೇ ಒಯ್ದೆ. ದಿನವೂ ಒಯ್ಯುತ್ತಿದ್ದೆನೆಂದು ತಿಳಿಯಬೇಡಿ. ಪುರಸಭೆಯ ಮುಂದೆ ಮಾರ್ಕೆಟ್ಟಿನ ಹೆಂಗಸರೆಲ್ಲ ನಿಂತಿದ್ದರು, ಗಲಾಟೆಯಿಲ್ಲ, ಘೋಷಣೆಯಿಲ್ಲ. ಒಳಗೆ ಖಾಲಾ ಮುಖ್ಯಾಧಿಕಾರಿಗಳ ಟೇಬಲ್ಲಿನ ಮೇಲೆ ಉತ್ತರದ ಪ್ರತಿಯನ್ನು ಹಾಸಿದ್ದಳು.

"ಬಳಕ್ಯಾಗ ಐತಿ ಅಂತ ಮಂತ್ರಿಗಳು ಬರದಾರ್ರಿ ಸಾಹೇಬ್ರ. ಬಳಸಾಕ ಬಂದೇವಿ. ಕೀಲಿಕೈ ಕೊಡ್ರಿ."

"ಒಂದು ಅರ್ಜಿ ಕೊಟ್ಟು ಹೋಗವಾ, ನೋಡೂಣು."

"ನಿಮಗ್ಯಾಕ್ರಿ ತ್ರಾಸು? ಶಾಸಕ್ರಿಗೇ ಇನ್ನೊಂದು ಕೊಡ್ತೇನಿ. ಮಂತ್ರಿ ಬರದದ್ದು ಖರೇನೋ ಸುಳ್ಳೋ ಅಂತ ಅವ್ರೇ ಇನ್ನೊಮ್ಮೆ ಕೇಳ್ಲಿ."

ಸಾಹೇಬರು ನಮ್ಮ ಯಜಮಾನರನ್ನು ನೋಡಿದರು. ಇವರು ಫ್ಯಾನು ನೋಡಿದರು. ಆಮೇಲೆ ಡ್ರಾಯರ್ ಎಳೆದ ಸದ್ದು ಕೇಳಿಸಿತು.

ಚೀಲ ಹೊರಲು ಕೂಲಿಯವರು ಸಿಗಲಿಲ್ಲ. ಸಾಹೇಬರು ಬಂದು ನಿಂತರು, ನಮ್ಮವರು ಹೊತ್ತರು. ಮೀಸೆಯೆಲ್ಲ ಬೆಳ್ಳಗಾಗಿ ಸೀನುತ್ತಾ ಹೊರಬಂದಾಗಲೆಲ್ಲ ಹೆಂಗಸರು "ಬಂದ್ರ ನೋಡ್ರೇ ಮಂತ್ರಿ ಸಾಹೇಬ್ರು!" ಎಂದು ದಾರಿ ಬಿಡುತ್ತಿದ್ದರು. ನಾನು ಡಬ್ಬಿ ಹಿಡಿದುಕೊಂಡು ಬಹಳ ಗಂಭೀರವಾಗಿ ನಿಂತಿದ್ದೆ. ಬಾಗಿಲಿಗೆ ಒಳಗಿನ ಚಿಲಕವೇ ಇರಲಿಲ್ಲ, ಸಂಜೆಯೊಳಗೆ ಹಾಕಿಸಿದರು. ನೀರಿನ ಡ್ರಮ್ಮು ಬಂತು. ಫಿನೈಲ್ ಬಾಟಲಿಯನ್ನು ಖಾಲಾ ಯಾರ ಕೈಗೂ ಕೊಡದೆ ತಾನೇ ಪೂರ್ತಿ ಸುರಿದಳು. ಆ ವಾಸನೆ ಕೊತ್ತಂಬರಿಯನ್ನೂ ಮೀರಿ ಮಾರ್ಕೆಟ್ಟಿನ ತುಂಬ ಹಬ್ಬಿತು. ಕೀಲಿಕೈಯನ್ನು ಮಾತ್ರ ವಾಪಸ್ಸು ಕೊಡಲಿಲ್ಲ.

ಮರುದಿನ ಮಧ್ಯಾಹ್ನ ಬೇಡದಿದ್ದರೂ ಮೆಣಸಿನಕಾಯಿ ಕೊಳ್ಳಲು ಹೋದೆ. ಖಾಲಾ ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದಳು. ಗಟಗಟನೆ, ಕಣ್ಣು ಮುಚ್ಚಿಕೊಂಡು, ಗದ್ದದಿಂದ ಸೋರಿ ಕುಪ್ಪಸ ತೊಯ್ದರೂ ಲಕ್ಷ್ಯವಿಲ್ಲ. ಪಕ್ಕದವಳು "ಸಾಕ್ ಬಿಡಬೇ, ನಮಗೂ ಕೊಡು" ಎಂದು ತಂಬಿಗೆ ಎಳೆಯುತ್ತಿದ್ದಳು. ಮಾರ್ಕೆಟ್ಟಿನ ಹೆಂಗಸರು ಹಗಲಲ್ಲಿ ನೀರಿಗಾಗಿ ಜಗಳಾಡುವುದನ್ನು ಅಂದೇ ನೋಡಿದ್ದು.

ಆಕೆಯ ಬೇನೆ ಪೂರ್ತಿ ಹೋಗಲಿಲ್ಲ. ಆದರೆ ಮಾರ್ಕೆಟ್ಟು ಬಿಡಬೇಕಾಗಲಿಲ್ಲ. ನಮಗೆ ವರ್ಗವಾಯಿತು. ಮೊದಮೊದಲು ಆ ಊರಿನವರು ಯಾರಾದರೂ ಸಿಕ್ಕರೆ ಖಾಲಾನ ಸುದ್ದಿ ಕೇಳುತ್ತಿದ್ದೆ, ಆಮೇಲೆ ಅದೂ ಕಡಿಮೆಯಾಯಿತು... ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ನಲವತ್ತನೆಯ ದಿನದ ಫಾತೆಹಾ ಕೂಡ ಮುಗಿದಿತ್ತು. ನಮ್ಮ ಯಜಮಾನರು ಆ ಹೊತ್ತು ಊಟಕ್ಕೆ ಏಳಲಿಲ್ಲ.

ಹೋದ ತಿಂಗಳು ಒಂದು ಮದುವೆಗೆ ಆ ಊರಿಗೆ ಹೋಗಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು, ಮಾರ್ಕೆಟ್ಟಿಗೆ ನಡೆದೆ. ಹಳೆಯ ಕಟ್ಟಡಗಳೆಲ್ಲ ಹೋಗಿವೆ. ಖಾಲಾ ಕೂರುತ್ತಿದ್ದಲ್ಲಿ ಒಬ್ಬ ಹೆಣ್ಣುಮಗಳು ಲಿಂಬೆಹಣ್ಣು ಮಾರುತ್ತಿದ್ದಳು. ಖಾಲಾ ಗೊತ್ತೇನವ್ವಾ ಎಂದು ಕೇಳಿದೆ.

"ಯಾವ ಖಾಲಾ ರೀ?"

"ಇಲ್ಲೇ ಕುಂದರ್ತಿದ್ಲು, ನೀ ಕುಂತಿ ನೋಡು, ಅಲ್ಲೇ..."

ಆಕೆ ನನ್ನ ಮುಖ ನೋಡಿದಳು. ಏನು ತಿಳಿದುಕೊಂಡಳೋ, ಬುಟ್ಟಿ ಸರಿಸಿ, "ಕುಂದ್ರ ಬರ್ರಿ ಅಮ್ಮಾ" ಎಂದಳು. ಸ್ವಲ್ಪ ಹೊತ್ತು ಕೂತೆ. ಅಷ್ಟು ದೊಡ್ಡ ಬಾಯಿಯ ಹೆಂಗಸು ಇಷ್ಟು ಸಣ್ಣ ಜಾಗದಲ್ಲಿ ಜೀವಮಾನವೆಲ್ಲ ಕೂತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.