ಡಬ್ಬಿ ಓದಿ ಕೊಡುತ್ತಿದ್ದ ಕಾಕಾ

ಅವರ ಬಲಗಣ್ಣು ಎಡಗಣ್ಣಿಗಿಂತ ಸಣ್ಣದು. ಹುಟ್ಟಿನಿಂದ ಬಂದದ್ದಲ್ಲ. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರ ಬಳಿ ಮೂವತ್ತು ವರ್ಷ ಕೆಲಸ ಮಾಡಿ, ನೇಕಾರರು ತಂದ ಪ್ರತಿ ಸೀರೆಯಲ್ಲೂ ಸೆರಗಿನ ಎಳೆ ಒಡಲಿನ ಎಳೆಗೆ ಕೂಡುವ ಜಾಗವನ್ನು ಹಿತ್ತಾಳೆಯ ಭೂತಗನ್ನಡಿಯಲ್ಲಿ ನೋಡಿ ನೋಡಿ ಆ ಕಣ್ಣು ಕಿರಿದಾಗಿಯೇ ನಿಂತುಬಿಟ್ಟಿತ್ತು. ಕೆಲಸ ಬಿಟ್ಟ ಮೇಲೆ ಬಸ್ ನಿಲ್ದಾಣದ ಎದುರಿನ ಮಗನ ಕಿರಾಣಿ ಅಂಗಡಿಯಲ್ಲಿ ಕೂರುತ್ತಿದ್ದರು. ಬರುವವರೆಲ್ಲರಿಗೂ ಅವರು ಕಾಕಾ.

ಮಗ ಫ್ರಿಜ್ ತಂದಿಟ್ಟು ಅದರ ತುಂಬ ಎನರ್ಜಿ ಡ್ರಿಂಕ್ ಜೋಡಿಸಿದ. ಫಜೀತಿ ಶುರುವಾದದ್ದೇ ಆಗ. ನೋಡದ ಮಾಲನ್ನು ಕೈ ದಾಟಿಸಿ ಗೊತ್ತಿಲ್ಲದ ಮನುಷ್ಯ ಕಾಕಾ. ಯಾರೇ ಡಬ್ಬಿ ಕೇಳಲಿ, ಜೇಬಿನಿಂದ ಭೂತಗನ್ನಡಿ ತೆಗೆದು, ಹಿಂಬದಿಯ ಸಾಸಿವೆಯಂಥ ಅಕ್ಷರಗಳನ್ನು ದೊಡ್ಡ ದನಿಯಲ್ಲಿ ಓದಿಯೇ ಕೊಡುತ್ತಿದ್ದರು. ತಿಳಿಯದ ಶಬ್ದಗಳನ್ನು ಪಕ್ಕದ ಔಷಧಿ ಅಂಗಡಿಯಲ್ಲಿ ಕೇಳಿಕೊಂಡು ಬಂದಿದ್ದರು.

“ಸಕ್ಕರಿ, ಬೊಗಸಿಗಟ್ಟಲೆ. ಕೆಫೀನು, ಅಂದ್ರ ಚಹಾ ಕಾಫಿಯೊಳಗಿಂದು, ಹೆಚ್ಚಾದ್ರ ಎದಿ ಢವಢವ ಅಂತೈತಿ, ನಿದ್ದಿ ಹಾರತೈತಿ. ಟಾರಿನ್ನು, ಹುರುಪಿಗೆ ಹಾಕೂದಂತ. ಬಣ್ಣ.”

ಕೊನೆಗೆ ಎಚ್ಚರಿಕೆಯ ಸಾಲು. ಅದನ್ನು ಮಾತ್ರ ಓದುತ್ತಿರಲಿಲ್ಲ, ಪ್ರಶ್ನೆ ಮಾಡಿ ಕೇಳುತ್ತಿದ್ದರು. ಒಮ್ಮೆ ಗ್ರಾನೈಟ್ ಲಾರಿಯ ಡ್ರೈವರ್ ಒಬ್ಬ ಗಿರಿಜಾ ಮೀಸೆ ತಿರುವುತ್ತ ಡಬ್ಬಿಗೆ ಕೈ ಚಾಚಿದ.

“ಸಣ್ಣ ಹುಡುಗ ಅಲ್ಲ ನೀ, ಕಾಣತೈತಿ. ಬಸುರಿ ಅದೀಯೇನು?”

“ಏ ಕಾಕಾ, ಏನ್ ಕೇಳಾಕತ್ತೀರಿ?”

“ನಾ ಅಲ್ಲೋ, ಡಬ್ಬಿ ಕೇಳಾಕತ್ತೈತಿ. ಹುಡುಗರಿಗೆ, ಬಸುರಿಗೆ, ಬಾಣಂತಿಗೆ ಬ್ಯಾಡ ಅಂತ ಇದರ ಮ್ಯಾಲೈತಿ. ಕೂಸಿಗೆ ಹಾಲುಣಸ್ತೀಯೇನು?”

“ಇಲ್ರೀ!”

“ಇವತ್ತಿಂದು ಎಷ್ಟನೇದು?”

“ಮೂರನೇದು.”

“ಎರಡರ ಮ್ಯಾಲ ಬ್ಯಾಡ ಅಂತ ಬರದೈತಿ. ಮಜ್ಜಗಿ ಕುಡಿ. ಗಾಡಿ ಬಾಜೂಕ ಹಚ್ಚಿ ಒಂದು ತಾಸು ಮಲಗು.”

ಮಗ ತಲೆ ಚಚ್ಚಿಕೊಳ್ಳುತ್ತಿದ್ದ. “ಅಪ್ಪಾ, ನಾ ಇವನ್ನ ಮಾರಾಕ ಇಟ್ಟೇನೋ, ಓದಾಕ ಇಟ್ಟೇನೋ?”

“ಇಟ್ಟಾಂವ ನೀ. ನೋಡಿ ಕೊಡಾಂವ ನಾ.”

ಹೆಂಗಸರಿಗೆ ಬಸುರಿನ ಪ್ರಶ್ನೆ ಕೇಳುವಾಗ ಮಾತ್ರ ಕಾಕಾ ಮುಖವನ್ನು ಸಾಬೂನಿನ ಕಪಾಟಿನತ್ತ ತಿರುಗಿಸುತ್ತಿದ್ದರು. ಕಂಡವರು ಸಾಬೂನನ್ನೇ ವಿಚಾರಿಸುತ್ತಿದ್ದಾರೆ ಅಂದುಕೊಳ್ಳಬೇಕು.

ನಾನು ದಿನಾ ಇಳಕಲ್ಲಿನಿಂದ ಬಸ್ಸಿನಲ್ಲಿ ಹೋಗಿ ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಪರೀಕ್ಷೆ ಹತ್ತಿರವಾದಂತೆ ಬೆಳಗಿನ ವಿಶೇಷ ತರಗತಿ, ಸಂಜೆಯ ವಿಶೇಷ ತರಗತಿ. ಹೋಗುವಾಗ ಒಂದು ಡಬ್ಬಿ, ಬಂದಿಳಿದಾಗ ಒಂದು. ಮದುವೆಯಾಗಿ ಏಳು ವರ್ಷವಾಗಿತ್ತು. ಒಂದು ಸಲ ಬಸುರು ನಿಂತದ್ದು ಮೂರನೇ ತಿಂಗಳಿಗೆ ಹೋಗಿತ್ತು. ಆ ವಿಷಯ ಎತ್ತಿದವರ ಮೇಲೆ ನಾನು ಹರಿಹಾಯುತ್ತಿದ್ದೆ. ಮೊದಲ ದಿನವೇ ಕಾಕಾನ ಮೇಲೂ ಹರಿಹಾಯ್ದೆ.

“ನನಗ ಮಾತ್ರ ಅದನ್ನ ಕೇಳಬ್ಯಾಡ್ರಿ ಕಾಕಾ!”

ಅವರು ಸಾಬೂನಿಗೆ ಮೆಲ್ಲಗೆ ಹೇಳಿದರು: “ಮೀಸಿ ಇದ್ದಾವರಿಗೂ ಕೇಳಿ ನಿಮಗಷ್ಟ ಬಿಟ್ರ, ಅದು ಇನ್ನೂ ಕೆಟ್ಟ ಅನಸ್ತೈತ್ರಿ ಟೀಚರ್.”

ನನ್ನ ಸಿಟ್ಟು ಅಲ್ಲಿಯೇ ಇಳಿಯಿತು. ಅಂದಿನಿಂದ ಹಾಜರಿ ಕೂಗಿದಂತೆ ಅವರು ಕೇಳುವುದು, ನಾನು “ಇಲ್ಲ” ಅನ್ನುವುದು. ದಿನಕ್ಕೆರಡು ಸಲ ಹೇಳಿ ಹೇಳಿ ಆ “ಇಲ್ಲ” ನೋಯುವುದನ್ನೇ ಬಿಟ್ಟಿತ್ತು.

ಒಂದು ಬೆಳಿಗ್ಗೆ ಬಸ್ಸು ಹೊರಡುವುದರಲ್ಲಿತ್ತು. “ಬಸುರಿ ಅದೀರೇನ್ರಿ?” ಅಂದರು. “ಇಲ್ಲ” ಅನ್ನಲು ಬಾಯಿ ತೆರೆದವಳಿಗೆ ಈ ತಿಂಗಳು ಮುಟ್ಟೇ ಆಗಿಲ್ಲವೆಂಬುದು ಹೊಳೆಯಿತು. ದಿನ ಮೀರಿ ಎರಡು ವಾರವಾಗಿತ್ತು. ಸುಸ್ತನ್ನೆಲ್ಲ ನಾನು ವಿಶೇಷ ತರಗತಿಯ ತಲೆಗೆ ಕಟ್ಟಿದ್ದೆ.

“ಗೊತ್ತಿಲ್ರಿ ಕಾಕಾ,” ಅಂದೆ.

ಕಾಕಾ ಮೊದಲ ಸಲ ಸಾಬೂನು ಬಿಟ್ಟು ನನ್ನ ಮುಖ ನೋಡಿದರು. ಡಬ್ಬಿಯನ್ನು ಮರಳಿ ಫ್ರಿಜ್ಜಿನಲ್ಲಿಟ್ಟು ಅದರ ಬಾಗಿಲಿಗೆ ಅಡ್ಡ ನಿಂತರು.

“ಇವತ್ತ ಕೊಡೂದಿಲ್ಲ. ಸಾಲಿ ಇರಲಿ. ದವಾಖಾನಿಗೆ ನಡೀರಿ ಮೊದಲ.”

ಬಸ್ಸು ಹೋಯಿತು. ನಾನು ದವಾಖಾನೆಗೆ ಹೋದೆ. ಡಾಕ್ಟರಮ್ಮ ಸಿಹಿ ಸುದ್ದಿ ಹೇಳಿದರು, ಬೆನ್ನಿಗೇ ಬೈಗುಳ. “ವಿಜ್ಞಾನ ಕಲಸ್ತೀರಿ, ಬಸುರಾದಾಗ ಕೆಫೀನ್ ಹೆಚ್ಚಾದ್ರ ಕೂಸಿಗೆ ಛಲೋ ಅಲ್ಲ ಅನ್ನೂದು ಗೊತ್ತಿಲ್ಲೇನ್ರಿ? ಡಬ್ಬಿ ಬಂದ್. ಚಹಾನೂ ಕಡಿಮಿ.” ನನಗೆ ಗೊತ್ತಿತ್ತು. ಪಾಠದಲ್ಲಿ ಗೊತ್ತಿತ್ತು, ಕೈಯಲ್ಲಿದ್ದ ಡಬ್ಬಿಯ ಮೇಲೆ ಒಂದು ದಿನವೂ ನಾನಾಗಿ ಓದಿರಲಿಲ್ಲ. ಮೂರನೇ ತಿಂಗಳು ದಾಟುವವರೆಗೆ ಉಸಿರು ಬಿಗಿಹಿಡಿದೇ ಬದುಕಿದೆ.

ಮಗಳನ್ನು ಮೊದಲು ಅಂಗಡಿಗೆ ಎತ್ತಿಕೊಂಡು ಹೋದಾಗ ಕಾಕಾ ಭೂತಗನ್ನಡಿ ಹೊರತೆಗೆದರು. ಅವಳ ಕಿವಿ, ಬೆರಳು, ಹಿಮ್ಮಡಿ ಎಲ್ಲವನ್ನೂ ನಿಧಾನ ನೋಡಿ, “ಮಾಲು ಭಾಳ ಛಲೋ ಐತ್ರಿ ಟೀಚರ್. ಎಲ್ಲೂ ಎಳಿ ಬಿಟ್ಟಿಲ್ಲ,” ಅಂದರು. ಅವರ ಸಣ್ಣ ಕಣ್ಣು ಒದ್ದೆಯಾಗಿತ್ತು. ನನ್ನವೂ ಆಗಿದ್ದವು, ಮುಚ್ಚಿಡುವುದೇನು!

ಕಾಕಾ ಹೋದ ವರ್ಷ ತೀರಿಕೊಂಡರು. ಅಂಗಡಿಯಲ್ಲಿ ಈಗ ಮಗನದೇ ಕಾರುಬಾರು, ಡಬ್ಬಿಗಳು ಬಿಸಿ ಬಜಿಯಂತೆ ಹೋಗುತ್ತವೆ. ಮೊನ್ನೆ ಮಗಳಿಗೆ ಬಿಸ್ಕತ್ತು ಕೊಳ್ಳಲು ನಿಂತಿದ್ದೆ. ದಪ್ಪ ಮೀಸೆಯವನೊಬ್ಬ ಬಂದು ಮೂರು ಡಬ್ಬಿ ಕೇಳಿದ. ಕಾಕಾನ ಮಗ ಫ್ರಿಜ್ಜಿಗೆ ಕೈ ಹಾಕಿದ. ನಾನು ಸ್ವಲ್ಪ ಕಾದೆ. ಯಾರೂ ಏನೂ ಕೇಳಲಿಲ್ಲ.

ನಾನು ಮುಖವನ್ನು ಸಾಬೂನಿನ ಕಪಾಟಿನತ್ತ ತಿರುಗಿಸಿದೆ.

“ಅಣ್ಣಾರ, ಬಸುರಿ ಅದೀರೇನು?”