ಅವರೆಸಿಪ್ಪೆ ಮುಚ್ಚಿದ ಸಾಲು

ನಿನ್ನೆ ನೆನೆಸಿಟ್ಟ ಅವರೆಕಾಳನ್ನು ಹಿತುಕಿ ಸಿಪ್ಪೆ ಬಿಡಿಸಲು ಕೂತೆ. ಬೆರಳಿಗೆ ಆ ಸೊಗಡು ಹತ್ತಿದ್ದೇ ತಡ, ತವರೂರು ಹಳೇಕೋಟೆಯ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಎದುರಿಗೇ ಬಂದು ಕೂತಂತಾಯಿತು...

ಮಕ್ಕಳೇ, ಆಗ ನಾನು ಜನರೆದುರು ಬಾಯಿ ಬಿಡಲು ಹೆದರುವ ಹುಡುಗಿ. ನಮ್ಮ ಪುಸ್ತಕದಲ್ಲಿ ಪ್ರತಿ ಕತೆಯ ಕೆಳಗೂ ‘ನೀತಿ’ ಎಂದು ಒಂದು ಸಾಲು ಅಚ್ಚಾಗಿರುತ್ತಿತ್ತು. ನಾವು ಕತೆ ಬಿಟ್ಟು ಅದನ್ನೇ ಬಾಯಿಪಾಠ ಮಾಡುತ್ತಿದ್ದೆವು. ಶಾಲೆ ನೋಡಲು ಬಂದ ಸಾಹೇಬರು ನರಿಯ ಕತೆಯ ತಿರುಳೇನೆಂದು ಕೇಳಿದರೆ, ನಾನು ಆಮೆಯ ಕತೆಯ ನೀತಿ ಒಪ್ಪಿಸಿದೆ. ಶಾಲೆಯೆಲ್ಲ ನಕ್ಕಿತು. ಅಪ್ಪ ನಗಲಿಲ್ಲ.

“ಮುಂದಿನ ಸಲಾನೂ ಇಂಗೇ ಆದ್ರೆ ಇಸ್ಕೂಲು ಸಾಕು. ದನ ಒಡ್ಕಂಡೋಗ್ಲಿ” ಎಂದರು.

ಬಿಡಬಾರದು ಎಂದು ಅಂದೇ ಹಟ ತೊಟ್ಟೆ. ದಾರಿ ತೋರಿದ್ದು ಓದು ಬಾರದ ದೊಡ್ಡಮ್ಮ. ಅವರ ಒಬ್ಬನೇ ಮಗ ದಂಡಿಗೆ ಸೇರಿ ಹೋಗಿದ್ದ. ಸಂಜೆ ಜಗಲಿಯಲ್ಲಿ ಅವರು ಕಾಳು ಹಿತುಕುತ್ತಿದ್ದರು, ನಾನು ಗಟ್ಟಿಯಾಗಿ ಓದುತ್ತಿದ್ದೆ. ನಾನು ‘ನೀತಿ’ ಎಂದು ಓದಿದೊಡನೆ ಆ ಸಾಲಿನ ಮೇಲೆ ಒದ್ದೆ ಸಿಪ್ಪೆ ಅಂಟಿಸಿಬಿಡುತ್ತಿದ್ದರು.

“ಅಯ್ಯೋ ದೊಡ್ಡಮ್ಮ, ಮೇಷ್ಟ್ರು ಒಡೀತಾರೆ!”

“ಒಡೀಲಿ ಬುಡು. ಬ್ಯಾರೆಯೋರು ಇತುಕಿಕೊಟ್ಟಿದ್ದ ಎಷ್ಟು ದಿನ ಉಣ್ತೀಯ? ಕತೇಲಿ ಯಾವ್ದು ತಿರುತಿರುಗಿ ಬಂತು, ಯಾವ್ದು ಕಡೇಗಂಟ ಬುಡ್ಲಿಲ್ಲ, ಅದ್ನ ಇಡ್ಕೊ ಮಗ.”

ತಿರುಳು ತಪ್ಪು ಹೇಳಿದರೆ “ಅದು ಸಿಪ್ಪೆ ಕಣವ್ವ” ಎಂದು ಮತ್ತೆ ಓದಿಸುತ್ತಿದ್ದರು. ಮೇಷ್ಟ್ರು ಪುಸ್ತಕ ಮೂಸಿ, “ಇದೇನು ಪುಸ್ತಕವೋ ಸಾರಿನ ಮಡಕೆಯೋ?” ಎಂದು ಬೈದದ್ದೂ ಉಂಟು.

ಮರುವರ್ಷ ಸಾಹೇಬರು ತಮ್ಮದೇ ಒಂದು ಕತೆ ಹೇಳಿದರು. ಅಣ್ಣ ದೂರ ದೇಶಕ್ಕೆ ಹೋದ. ತಂಗಿ ದಿನವೂ ಅವನ ಪಾಲಿಗೊಂದು ಮುದ್ದೆ ಕಟ್ಟಿಡುತ್ತಿದ್ದಳು. ಊರು ನಕ್ಕಿತು. ಒಂದು ದಿನ ಹಸಿದ ದಾರಿಹೋಕ ಬಂದು ಅದನ್ನು ಉಂಡು, ಹರಸಿ ಹೋದ. ಮರುದಿನ ಅವಳು ಮತ್ತೊಂದು ಮುದ್ದೆ ಕಟ್ಟಿದಳು.

“ಅನ್ನದಾನ ಮಾಡಬೇಕು ಸಾ!” ಎಂದು ಹುಡುಗರು ಕೂಗಿದರು. ಸಾಹೇಬರು ಅಲ್ಲವೆಂದು ತಲೆಯಾಡಿಸಿ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ.

“ದಾನದ ಕತೆಯಾಗಿದ್ರೆ ಅವ್ನು ಉಂಡಾಗ್ಲೇ ಮುಗೀಬೇಕಿತ್ತು ಸಾ. ಮಾರ್ನೆ ದಿನಾನೂ ಮುದ್ದೆ ಕಟ್ಟಿದ್ಲಲ್ಲ... ಇದು ಕಾಯೋ ಕತೆ ಸಾ.”

ಸಾಹೇಬರು ಮೇಷ್ಟರ ಕಡೆ ತಿರುಗಿ, “ಈ ಹುಡುಗಿಯನ್ನು ಶಾಲೆ ಬಿಡಿಸಬೇಡಿ ಎಂದು ಇವರಪ್ಪನಿಗೆ ಹೇಳಿ” ಎಂದರು.

ಓಡಿಹೋಗಿ ದೊಡ್ಡಮ್ಮನಿಗೆ ಕತೆಯನ್ನೆಲ್ಲ ಹೇಳಿದೆ. ಅವರ ಬೆರಳ ನಡುವಿನ ಕಾಳು ಹಾಗೇ ನಿಂತಿತು.

“ಅವಳಣ್ಣ ಬಂದ್ನಾ ಮಗ?”

“ಅದೇನೂ ಕತೇಲಿಲ್ಲ ದೊಡ್ಡಮ್ಮ” ಎಂದು ಕುಣಿಯುತ್ತಾ ಮನೆಗೆ ಹೋದೆ.

ಕತೆಯ ತಿರುಳು ಹಿಡಿದವಳಿಗೆ ಆ ಮಾತಿನ ತಿರುಳು ಹೊಳೆಯಲಿಲ್ಲ... ಅವರ ಮಗ ಬರಲೇ ಇಲ್ಲ. ನಾನು ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದ ಮೇಲೆ ದೊಡ್ಡಮ್ಮನೂ ತೀರಿಹೋದರು. ಅಂದು ಒಂದು ಗಳಿಗೆ ಅವರ ಪಕ್ಕ ಸುಮ್ಮನೆ ಕೂರಬಹುದಿತ್ತು.

ನಿಮ್ಮ ಪುಸ್ತಕಗಳಲ್ಲಿ ಎಲ್ಲಾದರೂ ಅವರೆಯ ಕಲೆ ಕಂಡರೆ ಬೈಯಬೇಡಿ. ನೀತಿಯ ಸಾಲು ಮುಚ್ಚಿದವಳು ನಾನೇ.