ಜಾಕೆಟ್ಟಿನ ಉಡಿ

ಮೋಟರ್‌ಸೈಕಲ್ಲಿನ ಹಿಂದೆ ಕೂತು, ಚಳಿಯಲ್ಲಿ ಡೇರೆಯೊಳಗೆ ಮಲಗಲು ಹೋಗುವ ವಯಸ್ಸು ನನ್ನದಲ್ಲ. ಮಜಾ ಮಾಡಲಿಕ್ಕೆ ಹೋದದ್ದೂ ಅಲ್ಲ. ಸೊಸೆಯನ್ನು ಕಾಯಲಿಕ್ಕೆ ಹೋಗಿದ್ದೆ.

ಮಗ ಕಾಮಾಲೆಯಾಗಿ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಅವನು ಬಿಟ್ಟುಹೋದದ್ದು ಒಂದು ಗಾಡಿ, ಒಂದು ಹೆಣ್ಣುಮಗು, ಈ ಸೊಸೆ. ಗಾಡಿ ಮಾರಿಬಿಡು ಎಂದೆ. ಅವಳು ಮಾರಲಿಲ್ಲ, ಕಲಿತಳು. ಈ ಮರಾಠಿ ಊರಿನ ಹಳೇ ಪೇಟೆ ಮಹಾಲಿನ ನಮ್ಮ ಓಣಿಯಲ್ಲಿ ಬಿದ್ದು ಎದ್ದು, ಒಮ್ಮೆ ಕಾಯಿಪಲ್ಯದ ಕೈಗಾಡಿಗೆ ಗುದ್ದಿ ಬೈಸಿಕೊಂಡು ಕಲಿತಳು. ಆಮೇಲೆ ಬ್ಯಾಂಕಿನ ಕೆಲಸಕ್ಕೂ ಅದರ ಮೇಲೆಯೇ ಹೋದಳು.

ನಾವಿಬ್ಬರೂ ಮಾತು ನುಂಗುವವರಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ತಾಟು ಸರಿಸಿ, “ಅತ್ತಿ, ಇದನ್ನ ಸಮುದ್ರದಾಗ ಕುದಿಸೀರೇನು?” ಎನ್ನುವವಳು ಅವಳು. ನಾನೂ ಅವಳ ರೊಟ್ಟಿಯನ್ನು ಬಿಡುತ್ತಿರಲಿಲ್ಲ. ಹಾಗಿದ್ದದ್ದಕ್ಕೇ ಒಂದೇ ಮನೆಯಲ್ಲಿ ನಮ್ಮ ಸಂಸಾರ ನಡೆದಿತ್ತು.

ಈ ಕಡೆಯ ಗಾಡಿ ಹುಚ್ಚಿನವರೆಲ್ಲ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಊರಾಚೆ ಒಂದು ಕೆರೆಯ ದಂಡೆಗೆ ಸೇರುತ್ತಾರೆ. ಬೆಂಕಿ ಕಾಯಿಸಿಕೊಂಡು, ಒಂದು ರಾತ್ರಿ ಡೇರೆಯಲ್ಲಿ ಮಲಗಿ, ಮರುದಿನ ಹೊರಟುಬರುತ್ತಾರೆ. ಮಗ ತಪ್ಪಿಸುತ್ತಿರಲಿಲ್ಲ. ಅವನು ಹೋದ ಮೇಲಿನ ಚಳಿಗಾಲ ಸೊಸೆ ಒಬ್ಬಳೇ ಹೋಗಿಬಂದಳು. ಅಲ್ಲಿಂದ ಬಂದಮೇಲೆ ಅವಳಿಗೆ ಫೋನು ಹೆಚ್ಚಾದವು. ಮಾತು ಮರಾಠಿಯಲ್ಲಿ, ದನಿ ಮೆತ್ತಗೆ. ಬ್ಯಾಂಕಿನವರ ಜೊತೆ ಯಾರೂ ಹಾಗೆ ಮಾತಾಡುವುದಿಲ್ಲ. ಯಾರೋ ಇದ್ದಾನೆ ಎಂದು ತಿಳಿಯಿತು. ಅವಳು ಹೋದರೆ ಮೊಮ್ಮಗಳೂ ಹೋಗುತ್ತಾಳೆ. ಆಮೇಲೆ ನಾನು ಯಾರಿಗೆ ಅಡುಗೆ ಮಾಡಲಿ?

ಮರುವರ್ಷ ಅವಳು ಹೊರಟಾಗ, ನಾನೂ ಬರುತ್ತೇನೆ ಎಂದೆ.

“ಬರ್ರಿ. ಆದ್ರ ಹಿಂದ ಕುಂತು ಬ್ರೇಕ್ ಹಾಕು, ಬ್ರೇಕ್ ಹಾಕು ಅಂತ ಒದರಬ್ಯಾಡ್ರಿ.”

ಮೊಮ್ಮಗಳನ್ನು ಎದುರುಮನೆಯಲ್ಲಿ ಬಿಟ್ಟೆವು. ಸೀರೆಯಲ್ಲಿ ಅಷ್ಟು ದೂರ ಆಗುವುದಿಲ್ಲವೆಂದು ಸೊಸೆ ತನ್ನ ಸಲವಾರು ಕೊಟ್ಟಳು. ಜನ್ಮದಲ್ಲಿ ಮೊದಲ ಸಲ ಅದನ್ನು ಹಾಕಿ ಎರಡೂ ಕಡೆ ಕಾಲು ಹಾಕಿ ಕೂತೆ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಕ್ಕರು. ಸಂಕ್ರಾಂತಿ ಹತ್ತಿರವಿತ್ತು, ಗಾಳಿಪಟಕ್ಕೆ ಕಟ್ಟುವ ಗಾಜುಪುಡಿಯ ದಾರ, ಮಾಂಜಾ, ರಸ್ತೆಗೆ ಅಡ್ಡ ಬಂದರೆ ಕುತ್ತಿಗೆ ಕೊಯ್ಯುತ್ತದೆ. ಅದಕ್ಕೆ ನನ್ನ ಕೊರಳಿಗೆ ದಪ್ಪ ಮಫ್ಲರು ಸುತ್ತಿದಳು. ಮಾಂಜಾಕ್ಕಿಂತ ಮೊದಲು ನೀನೇ ಕೊಲ್ಲುತ್ತೀ ಎಂದೆ. ಊರಂಚಿಗೆ ಗೋದಾಮುಗಳೇ ತುಂಬಿದ ವಾಡಿಯಲ್ಲಿ ಲಾರಿಗಳ ಸಾಲು. ಅವಳು ನಡುವಿನ ಸಂದಿನಲ್ಲೇ ನುಗ್ಗಿದಳು. ನಾನು ಅವಳನ್ನು ಹಿಡಿಯಲಿಲ್ಲ. ಸೀಟಿನ ಹಿಂದಿನ ಕಬ್ಬಿಣ ಹಿಡಿದೆ. ಸಿಟ್ಟಿತ್ತು. ಕೈ ಸೆಟೆದುಹೋದವು.

ಕೆರೆಯ ಹತ್ತಿರ ಅವನನ್ನು ಗುರುತಿಸಲು ಕಷ್ಟವಾಗಲಿಲ್ಲ. ನಮ್ಮ ಕಡೆ ನೋಡದೆ ಇದ್ದವನು ಅವನೊಬ್ಬನೇ. ವಾಡಿಯ ಒಂದು ಗೋದಾಮಿನಲ್ಲಿ ಕೆಲಸವಂತೆ. ಬೊಕ್ಕತಲೆ. ನನ್ನ ಮಗನ ಕಾಲುಗುರಿಗೂ ಸಮ ಬಾರ ಎಂದುಕೊಂಡೆ. ಸೊಸೆ ಒಬ್ಬಳೇ ಡೇರೆ ಹಾಕಿದಳು. ಅವನು ಓಡಿಬಂದು ಕೈಹಾಕಲಿಲ್ಲ, ಅವಳು ಕೈಚಾಚಿದಾಗ ಸುತ್ತಿಗೆ ಕೊಟ್ಟ. ಅಷ್ಟರಮಟ್ಟಿಗೆ ಬುದ್ಧಿಯಿದೆ ಅನ್ನಿಸಿತು. ಹಾಗೆ ಅನ್ನಿಸಿದ್ದೂ ನನಗೆ ಸೇರಲಿಲ್ಲ.

ಹೊತ್ತು ಮುಳುಗುವಾಗ ಸಗಣಿ ಕುಳ್ಳಿನ ಬೆಂಕಿಯಲ್ಲಿ ಗೋಧಿಹಿಟ್ಟಿನ ಉಂಡೆ ಸುಡುತ್ತಿದ್ದರು. ಸೊಸೆ ನೀರು ತರಲು ಹೋಗಿದ್ದಳು. ಅವನನ್ನು ಕರೆದು, ನಿನ್ನ ವಿಚಾರ ಏನು ಎಂದು ನನಗೆ ಬರುವ ಮರಾಠಿಯಲ್ಲಿ ನೇರ ಕೇಳಿದೆ. ಅವನೂ ಸುತ್ತಿ ಬಳಸಲಿಲ್ಲ. ಮದುವೆಯಾಗು ಎಂದು ಕೇಳಿದ್ದೇನೆ ಆಯಿ, ಮಗುವನ್ನೂ ನನ್ನದೇ ಎಂದು ಸಾಕುತ್ತೇನೆ ಎಂದಿದ್ದೇನೆ ಎಂದ. ಅವನಿಗೆ ಪುಣೆಗೆ ಬದಲಿಯಾಗಿತ್ತು, ಹೋಳಿಯ ನಂತರ ಹೋಗಬೇಕು. ಅವಳು ಏನೆಂದಳು ಎಂದೆ. ಅವನು ಬೆಂಕಿ ಕೆದಕಿದ. ಅತ್ತೆ ಇರುವ ತನಕ ಈ ಮಾತು ಎತ್ತಬೇಡ ಅಂದಳು ಎಂದ.

ಅತ್ತೆ ಇರುವ ತನಕ. ಅಂದರೆ ಅವರಿಬ್ಬರೂ ದಾರಿ ನೋಡಬೇಕಾದದ್ದು ನನ್ನ ಸಾವಿನದು. ಅವಳು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಗೊತ್ತು. ಆದರೂ ಅರ್ಥ ಅದೇ ಆಗುತ್ತದೆ.

ನೀವೂ ಬನ್ನಿ, ಪುಣೆಯಲ್ಲಿ ಎಲ್ಲರೂ ಕೂಡಿ ಇರೋಣ ಎಂದ ಅವನು. ಸೊಸೆಯ ಗಂಡ ಎಂದರೆ ಮಗ. ಆ ಜಾಗದಲ್ಲಿ ಇನ್ನೊಬ್ಬನನ್ನು ಕೂಡಿಸಿ ದಿನಾ ಊಟಕ್ಕೆ ಬಡಿಸುವಷ್ಟು ದೊಡ್ಡ ಮನಸ್ಸು ನನಗೆ ದೇವರು ಕೊಟ್ಟಿಲ್ಲ.

ಡೇರೆಯಲ್ಲಿ ಸೊಸೆ ತನ್ನ ರಗ್ಗನ್ನೂ ನನಗೇ ಹೊದಿಸಿ ಮಲಗಿದಳು. ನಾನು ನಿದ್ದೆ ಬಂದವಳ ಹಾಗೆ ಬಿದ್ದುಕೊಂಡೆ.

ಬೆಳಗ್ಗೆ ಹೊರಡುವ ಮೊದಲು ಅಲ್ಲಿ ಗಾಡಿಗಳಿಗೆ ಪೂಜೆ ಮಾಡಿ ಕಾಯಿ ಒಡೆಯುತ್ತಾರೆ. ಅವರ ಹತ್ತಿರ ಒಂದು ಕಾಯಿ ಕೇಳಿ ತಗೊಂಡೆ. ಅಡುಗೆಯವರಿಂದ ಅಕ್ಕಿ, ಚಿಟಿಕೆ ಅರಿಸಿನ. ಕುಪ್ಪಸದ ಕಣದ ಬಟ್ಟೆ ಎಲ್ಲಿಂದ ತರುವುದು, ಬಿಟ್ಟೆ. ಸೊಸೆ ಡೇರೆ ಮಡಚುತ್ತಿದ್ದಳು. ಉಡಿ ಒಡ್ಡು ಎಂದೆ.

ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗಿನಲ್ಲಿ ಅಕ್ಕಿ, ಕಾಯಿ ಹಾಕಿ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಗಂಡ ಸತ್ತವಳು ತುಂಬಬಾರದು, ಗಂಡ ಸತ್ತವಳಿಗೆ ತುಂಬಲೂಬಾರದು. ಅಲ್ಲಿದ್ದ ನಾವಿಬ್ಬರೂ ಅಂಥವರೇ.

ಅವಳಿಗೆ ತಿಳಿಯಿತು.

“ಸೆರಗ ಎಲ್ಲೈತ್ರಿ ನನಗ?”

“ಜಾಕೆಟ್ ಹಿಡಿ.”

“ನಾ ಹೊಂಟೇನಿ ಅಂತ ಯಾರು ಹೇಳ್ಯಾರ?”

“ನಾ ಹೇಳಾಕತ್ತೇನಿ. ನಾ ಸಾಯೂದನ್ನ ಕಾಯಕೋತ ಕುಂದ್ರಬ್ಯಾಡ. ನಾ ಅಷ್ಟ ಜಲ್ದಿ ಸಾಯಾಕಿ ಅಲ್ಲ.”

ಅವಳು ಜಾಕೆಟ್ಟಿನ ಅಂಚು ಮುಂದಕ್ಕೆ ಹಿಡಿದಳು. ಮೊದಲ ಹಿಡಿಯ ಅಕ್ಕಿ ಹೊರಗೆ ಚೆಲ್ಲಿತು. ಸರಿಯಾಗಿ ಹಿಡಿ ಎಂದು ಗದರಿದೆ. ಐದು ಹಿಡಿ ಹಾಕಿ ಮೇಲೆ ಕಾಯಿ ಇಟ್ಟೆ. ಆ ಬೊಕ್ಕತಲೆಯವನು ದೂರದಲ್ಲಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನಿಂತಿದ್ದ. ಹತ್ತಿರ ಬರಲಿಲ್ಲ. ಒಳ್ಳೆಯದಾಯಿತು.

ತುಂಬಿದ ಉಡಿಯನ್ನು ಮನೆ ಮುಟ್ಟುವ ತನಕ ಇಳಿಸಬಾರದು ಎಂದೆ. ಅವಳು ಜಾಕೆಟ್ಟಿನ ಕೆಳಗಿನ ದಾರ ಬಿಗಿದು, ಅಕ್ಕಿ ಕಾಯಿ ಒಳಗೇ ಇಟ್ಟುಕೊಂಡು ಗಾಡಿ ಹತ್ತಿದಳು. ಕಾಯಿ ಹೊರಳುತ್ತಿತ್ತು. ಹಾಗಾಗಿ ಬರುವಾಗ ಕಬ್ಬಿಣ ಹಿಡಿಯಲು ಆಗಲಿಲ್ಲ. ವಾಡಿ ದಾಟಿ ಮಹಾಲ್ ಬರುವ ತನಕ ಎರಡೂ ಕೈಯಿಂದ ಅವಳನ್ನು ಬಳಸಿ, ಹೊಟ್ಟೆಯ ಮೇಲಿನ ಕಾಯಿ ಹಿಡಿದುಕೊಂಡು ಬಂದೆ. ಅವಳು ಅಳುತ್ತಿದ್ದದ್ದು ಬೆನ್ನಿನಿಂದ ಗೊತ್ತಾಗುತ್ತಿತ್ತು. ಮುಂದೆ ನೋಡಿ ಹೊಡಿ ಎಂದೆ.

ಸಂಜೆ ಆ ಕಾಯಿ ಒಡೆದು ಚಟ್ನಿ ಅರೆದೆ. ಮೊಮ್ಮಗಳು, ಸೊಸೆ, ನಾನು ಸುತ್ತ ಕೂತೆವು. ಸೊಸೆ ರೊಟ್ಟಿಗೆ ಹಚ್ಚಿಕೊಂಡು ತಿಂದಳು, ಇನ್ನಷ್ಟು ಹಾಕಿಸಿಕೊಂಡಳು. ನಾನು ಬಾಯಿಗಿಟ್ಟಾಗ ಗೊತ್ತಾಯಿತು, ಉಪ್ಪು ಎರಡು ಸಲ ಬಿದ್ದಿದೆ. ಮೊಮ್ಮಗಳು ನೀರಿನ ತಂಬಿಗೆ ಎತ್ತಿದಳು. ನಾನು ಸೊಸೆಯ ಮುಖ ನೋಡಿದೆ, ಬೈಯಲಿ ಎಂದು.

“ಚಲೋ ಆಗೈತ್ರಿ, ಅತ್ತಿ” ಎಂದಳು, ಊಟಕ್ಕೆ ಬಂದ ನೆಂಟರ ಹಾಗೆ.

ಪುಣೆಗೆ ಹೋದದ್ದು ಹೋಳಿಯ ನಂತರ. ನಮ್ಮ ಮನೆಯಿಂದ ಅವಳು ಹೋದದ್ದು ಆ ಸಂಜೆಯೇ.